ಹದಿನೈದನೇ ಮನೆಯ ಬೊಟ್ಟು

ನನ್ನ ಅಂಗಡಿಯಲ್ಲಿ ಮೂವತ್ತು ವರ್ಷ ಒಂದು ಪರದೆ ನೇತಾಡುತ್ತಿತ್ತು. ಪರದೆ ಎಂದರೆ ಮತ್ತೇನಲ್ಲ, ನನ್ನದೇ ಒಂದು ಹಳೆಯ ನೀಲಿ ಲುಂಗಿ. ಗಿಟಾರಿನ ಕತ್ತು ಬಿಚ್ಚುವ ಕೆಲಸ ಬಂದಾಗ ಅದನ್ನು ಎಳೆದುಕೊಂಡು ಹಿಂದೆ ಕೂರುತ್ತಿದ್ದೆ. ಅಲ್ಲಿ ಇದ್ದದ್ದು ಉಳಿ, ಅರ, ಅಂಟಿನ ಡಬ್ಬ, ಒಂದು ಸೀಮೆಎಣ್ಣೆ ಸ್ಟೌ. ಕದ್ದು ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಯಾರೂ ನೋಡಬಾರದು ಎಂಬುದೇ ನಮ್ಮ ಕಸುಬಿನ ಮೊದಲ ಪಾಠ. ಈಗ ಅಂಗಡಿ ಮುಚ್ಚಿದ್ದೇನೆ. ಲುಂಗಿ ನೆಲ ಒರೆಸುವ ಬಟ್ಟೆಯಾಗಿದೆ. ಅದನ್ನು ಹಿಂಡುವಾಗಲೆಲ್ಲ ಸಿಟ್ಟು ಬರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಆ ಸಿಟ್ಟು ಯಾಕೆ ಎಂದು ತಿಳಿದುಕೊಂಡೇ ಇಳಿಯಲಿ.

ನಾನು ಹೊಸೂರಿನ ಹತ್ತಿರದ ಬೇರಿಕೆ ಊರಿನವನು. ಮುನಿಯಪ್ಪ ಎಂದರೆ ಹೊಸೂರಿನಲ್ಲಿ ನೂರು ಜನ ಸಿಗುತ್ತಾರೆ, ಗಿಟಾರ್ ಮುನಿಯಪ್ಪ ಎಂದರೆ ನಾನೊಬ್ಬನೇ. ಕಾರ್ಖಾನೆಯೊಂದರಲ್ಲಿ ಮರದ ಮಾದರಿ ಕೆತ್ತುವ ವಿಭಾಗದಲ್ಲಿದ್ದೆ. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು, ಕೂದಲೆಳೆಯಷ್ಟೂ ತಪ್ಪಬಾರದು. ಆಮೇಲೆ ಆ ಕೆಲಸಕ್ಕೆ ಕಂಪ್ಯೂಟರ್ ಮೆಷೀನ್ ಬಂತು, ನಮ್ಮನ್ನೆಲ್ಲ ಪ್ಯಾಕಿಂಗಿಗೆ ಹಾಕಿದರು. ರಟ್ಟಿನ ಪೆಟ್ಟಿಗೆಗೆ ಟೇಪ್ ಸುತ್ತಲು ನನ್ನ ಕೈ ಹುಟ್ಟಿಲ್ಲ ಎಂದು ಹೇಳಿ ಹೊರಬಂದೆ. ಹಾಗೆ ಹೇಳಿದ್ದು ಧೈರ್ಯದಿಂದ ಅಲ್ಲ. ಅಷ್ಟರಲ್ಲಿ ಭಾನುವಾರ ಭಾನುವಾರ ಕೃಷ್ಣಗಿರಿಗೆ ಹೋಗಿ ಇನ್ನೊಂದು ಕಸುಬು ಹಿಡಿದಿದ್ದೆ. ಒಂದು ಕಾಲು ಗಟ್ಟಿ ನೆಲದಲ್ಲಿ ಊರದೆ ಇನ್ನೊಂದು ಕಾಲು ಎತ್ತಬೇಡಿ.

ಕೃಷ್ಣಗಿರಿಯಲ್ಲಿ ಜ್ಞಾನಪ್ರಕಾಶಂ ಎಂಬ ಮೇಸ್ತ್ರಿ ಇದ್ದರು. ಚರ್ಚುಗಳ ಹಾರ್ಮೋನಿಯಂ, ಗಿಟಾರ್, ಪಿಟೀಲು ಎಲ್ಲಾ ಅವರ ಕೈಗೇ. ಕಲಿಸಿ ಎಂದರೆ ಕಲಿಸುವ ಜನ ಅಲ್ಲ. ಹಣ ಕೊಟ್ಟರೂ ಕಲಿಸುವುದಿಲ್ಲ ಎಂದು ಕೇಳಿದ್ದೆ. ಅದಕ್ಕೆ ನಾನು ಹಣದ ಮಾತೇ ಎತ್ತಲಿಲ್ಲ. ಮೇಜಿನ ಮೇಲಿದ್ದ ಅವರ ಉಳಿಗಳನ್ನು ನೋಡಿದೆ. ಎಲ್ಲವೂ ಮೊಂಡು.

"ಐಯಾ, ಪ್ರತಿ ಭಾನುವಾರ ಬತ್ತೀನಿ. ನಿಮ್ಮ ಉಳಿ ಎಲ್ಲಾ ಮಸೆದು ಕೊಡ್ತೀನಿ. ನೀವು ಏನೂ ಕೊಡ್ಬ್ಯಾಡಿ, ಏನೂ ಹೇಳ್ಕೊಡ್ಬ್ಯಾಡಿ. ಒಂದು ಮೂಲೇಲಿ ಕೂತ್ಕಂತೀನಿ" ಎಂದೆ.

ಅವರು ಒಂದು ಉಳಿ ಕೊಟ್ಟು ಮಸೆಯಲು ಹೇಳಿದರು. ಮಸೆದು ಕೊಟ್ಟೆ. ಮುಂಗೈ ಕೂದಲ ಮೇಲೆ ಎಳೆದು ನೋಡಿಕೊಂಡು, "ಸರಿ ತಂಬಿ, ಕೂರು" ಎಂದರು. ಬೇಕಾದ್ದನ್ನು ಕೇಳಬೇಡಿ, ಎದುರಿಗಿರುವವನದು ಏನು ಮೊಂಡಾಗಿದೆ ನೋಡಿ. ಹಳೆಯ ಮನೆ ಕೆಡವುವ ಕಡೆ ಬೀಟೆ ಮರದ ಮಂಚ ಕಂಡರೂ ಇದೇ ಲೆಕ್ಕ. ಮಂಚದ ಕಡೆ ಕಣ್ಣೇ ಹಾಯಿಸಬೇಡಿ. ಗೆದ್ದಲು ಹಿಡಿದ ಬಾಗಿಲಿಗೆ ಅರ್ಧ ಗಂಟೆ ಚೌಕಾಸಿ ಮಾಡಿ, ಬೇಡ ಎಂದು ಎದ್ದು, ಹೋಗುವಾಗ "ಆ ಮಂಚ ಒಲೆಗೆ ಹಾಕೋದಾ?" ಎಂದು ಕೇಳಿ. ನನ್ನ ಕೈಯಿಂದ ಹೋದ, ಗಿಟಾರಿನ ತಂತಿ ಕಟ್ಟುವ ಒಳ್ಳೊಳ್ಳೆ ಬ್ರಿಡ್ಜುಗಳೆಲ್ಲ ಯಾರದೋ ಅಜ್ಜಂದಿರು ಮಲಗಿದ ಮಂಚಗಳು.

ಎರಡು ವರ್ಷ ಮೂಲೆಯಲ್ಲಿ ಕೂತೆ. ಕತ್ತು ಬಿಚ್ಚುವ ಗಳಿಗೆ ಬಂದರೆ ಸಾಕು, ಮೇಸ್ತ್ರಿ ಕೈ ನಿಲ್ಲಿಸಿ, "ತಂಬಿ, ಎರಡು ಚಾ ತಗೊಂಡು ಬಾ" ಎನ್ನುತ್ತಿದ್ದರು. ಬೇಕೆಂದೇ ದೂರದ ಅಂಗಡಿಯ ಚಾ. ನಾನು ಬರುವಷ್ಟರಲ್ಲಿ ಕತ್ತು ಕೂತಿರುತ್ತಿತ್ತು, ಪರದೆ ಸರಿದಿರುತ್ತಿತ್ತು. ಈಗ ನೆನೆದರೂ ಮೈ ಉರಿಯುತ್ತದೆ. ಎರಡು ವರ್ಷ ಒಬ್ಬನ ಉಳಿ ಮಸೆಸಿಕೊಂಡು ಅವನಿಗೆ ಚಾ ಅಂಗಡಿಯ ದಾರಿ ಕಲಿಸುವುದೇ?

ಒಂದು ದಿನ ಮೊದಲೇ ಫ್ಲಾಸ್ಕಿನಲ್ಲಿ ಚಾ ತುಂಬಿಸಿಕೊಂಡು ಬಂದು ಬಾಗಿಲ ಹಿಂದೆ ಇಟ್ಟಿದ್ದೆ. ಅವರು ಕಳಿಸಿದರು, ನಾನು ಮೂಲೆ ತಿರುಗಿ ಅದೇ ಕಾಲಲ್ಲಿ ವಾಪಸು ಬಂದು ಪರದೆ ಎತ್ತಿದೆ. ಮೇಸ್ತ್ರಿಯ ಕೈಯಲ್ಲಿ ತಿರುಪುಮೊಳೆ ಇತ್ತು. ಕಬ್ಬಿಣದ್ದು, ಹೆಬ್ಬೆರಳುದ್ದ.

ಇದು ಅರ್ಥವಾಗಲು ಎರಡು ಮಾತು ಹೇಳಬೇಕು. ಗಿಟಾರಿನ ಕತ್ತಿನ ಬುಡದಲ್ಲಿ ಮರದ ನಾಲಗೆ ಇರುತ್ತದೆ. ಅದು ಪೆಟ್ಟಿಗೆಯ ಗೂಡಿನೊಳಗೆ ಬಿಗಿಯಾಗಿ ಕೂತು, ಅಂಟಿನಿಂದ ಹಿಡಿದುಕೊಂಡಿರುತ್ತದೆ. ವರ್ಷಗಟ್ಟಲೆ ತಂತಿ ಎಳೆದೆಳೆದು ಕತ್ತು ಮುಂದಕ್ಕೆ ಬಾಗುತ್ತದೆ, ತಂತಿ ಮೇಲೇಳುತ್ತದೆ, ಒತ್ತಿದರೆ ಬೆರಳು ಕೊಯ್ಯುತ್ತದೆ. ಸರಿಯಾದ ದಾರಿ ಎಂದರೆ ಹಳೆಯ ಅಂಟನ್ನು ಹಬೆಯಲ್ಲಿ ಸಡಿಲಿಸಿ, ಕತ್ತನ್ನು ಪೂರಾ ಬಿಚ್ಚಿ, ನಾಲಗೆ ಕೆತ್ತಿ, ಓರೆ ತಿದ್ದಿ, ಮತ್ತೆ ಅಂಟಿಸುವುದು. ನಾಲ್ಕು ದಿನ ಬೇಕು. ಅಡ್ಡದಾರಿ ಎಂದರೆ ಬಿಚ್ಚದೆಯೇ ಹಿಂದಕ್ಕೆ ಒತ್ತಿ, ಮೇಲಿನಿಂದ ಓರೆಯಾಗಿ ಒಂದು ಮೊಳೆ ತಿರುಗಿಸಿ ಬಿಗಿದುಬಿಡುವುದು. ಒಂದು ಗಂಟೆಯ ಕೆಲಸ. ಮೊಳೆಯ ತಲೆ ಕಾಣಬಾರದಲ್ಲ? ತಂತಿ ಒತ್ತುವ ಒಂದೊಂದು ಜಾಗವನ್ನೂ ನಾವು ಮನೆ ಎನ್ನುತ್ತೇವೆ. ಹದಿನೈದನೇ ಮನೆಯಲ್ಲಿ ಗುರುತಿಗೆ ಒಂದು ಬಿಳಿ ಚಿಪ್ಪಿನ ಬೊಟ್ಟು ಇರುತ್ತದೆ, ಸರಿಯಾಗಿ ಆ ನಾಲಗೆಯ ನೆತ್ತಿಯ ಮೇಲೆ. ಬೊಟ್ಟು ಕಿತ್ತು, ಮೊಳೆ ಇಳಿಸಿ, ಬೊಟ್ಟು ಮುಚ್ಚಿದರೆ ದೇವರಿಗೂ ಗೊತ್ತಾಗುವುದಿಲ್ಲ.

ಮೇಸ್ತ್ರಿ ನನ್ನನ್ನು ಬೈಯಲಿಲ್ಲ. ನಕ್ಕರು.

"ನೋಡ್ಬಿಟ್ಟೆಯಾ? ಸರಿ, ಕೇಳು ತಂಬಿ. ವಜ್ರ ಗಿರಾಕಿಗೆ, ಮೊಳೆ ನಿದ್ದೆಗೆ."

ಗಿರಾಕಿಗೆ ವಜ್ರದ ಮಾತು ಹೇಳು, ಮೊಳೆ ಹೊಡೆದು ನೀನು ನೆಮ್ಮದಿಯಾಗಿ ಮಲಗು ಎಂದು ಅರ್ಥ. ವಜ್ರ ಎಂದರೆ ಹರಳಲ್ಲ. ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟಿಗೆ ನಮ್ಮ ಕಡೆ ಬಡಗಿಗಳು ವಜ್ರ ಎನ್ನುತ್ತಾರೆ, ತಮಿಳರು ವಜ್ಜಿರಂ ಎನ್ನುತ್ತಾರೆ. ಮುಂದೊಮ್ಮೆ ನಾನು ಬೆಂಗಳೂರಿನಿಂದ ಬಂದ ಗಿರಾಕಿಯೊಬ್ಬನಿಗೆ "ಒಳಗೆ ಅಸಲಿ ವಜ್ರ ಹಾಕಿವ್ನಿ ಸ್ವಾಮಿ" ಎಂದಿದ್ದಕ್ಕೆ ಅವನು ಕಣ್ಣರಳಿಸಿ ಚೌಕಾಸಿಯನ್ನೇ ಬಿಟ್ಟ. ನಾನು ತಿದ್ದಲು ಹೋಗಲಿಲ್ಲ. ವಜ್ರದ ಗುಣ ಎಂದರೆ ಅದು ಕಲ್ಲಿನಂತೆ ಹಿಡಿಯುತ್ತದೆ, ಹಬೆ ಕೊಟ್ಟರೆ ಬಿಡುತ್ತದೆ. ಅಂದರೆ ನಾಳೆ ಇನ್ನೊಬ್ಬ ಬಿಚ್ಚಬಹುದು. ಇದನ್ನು ಎದೆಯ ಮೇಲೆ ಬರೆದುಕೊಳ್ಳಿ. ಎರಡು ಟ್ಯೂಬಿನ ಅಂಟು ಕಲಸಿ ಕತ್ತಿಗೆ ಮೆತ್ತುವವರನ್ನೂ, ಬಿರುಕು ಕಂಡ ಕೂಡಲೇ ಚಿಟಿಕೆಯಲ್ಲಿ ಗಟ್ಟಿಯಾಗುವ ಅಂಟನ್ನು ಸುರಿಯುವವರನ್ನೂ ಹಿಡಿದು, ಅದೇ ಅಂಟಿನಿಂದ ಅವರ ಬೆರಳು ಅಂಟಿಸಬೇಕು. ಅವರು ಮಾಡುವುದು ರಿಪೇರಿ ಅಲ್ಲ, ಸಮಾಧಿ.

ಇಷ್ಟು ಜೋರಾಗಿ ಬೈಯುವ ನಾನು ಮೊಳೆಯ ಬಗ್ಗೆ ಯಾವತ್ತೂ ಬಾಯಿ ಬಿಡಲಿಲ್ಲ. ಹೊಸೂರಿನಲ್ಲಿ ನನ್ನ ಅಂಗಡಿ ಇಟ್ಟ ಮೇಲೆ ನಾನೂ ಹೊಡೆದೆ. ಎಲ್ಲದಕ್ಕೂ ಅಲ್ಲ. ಗಿರಾಕಿ ಅವಸರ ಮಾಡಿದಾಗ, ಕೆಲಸ ಹೆಚ್ಚಾದಾಗ, ಒಮ್ಮೊಮ್ಮೆ ಸುಮ್ಮನೆ ಬೇಜಾರಾದಾಗ. ಕಿತ್ತ ಚಿಪ್ಪು ಒಡೆದುಹೋಗುತ್ತಿತ್ತು. ಅದಕ್ಕೆ ಅಂಗಿಯ ಬಿಳಿ ಗುಂಡಿಯನ್ನು ಉಜ್ಜಿ ಬೊಟ್ಟು ಮಾಡಿ ಕೂರಿಸುತ್ತಿದ್ದೆ. ಆ ಉಪಾಯ ನನ್ನದೇ. ಆಗ ಅದಕ್ಕೆ ಹೆಮ್ಮೆಯೂ ಇತ್ತು.

ಕೃಷ್ಣಗಿರಿಯ ಅರುಳ್ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ಗಣಿತ, ಚರ್ಚಿನಲ್ಲಿ ಗಿಟಾರ್. ಮೊದಲ ಸಂಬಳದಲ್ಲಿ ಕೊಂಡ ಗಿಟಾರ್ ಅದು, ಹಿಂಬದಿ ಪೂರಾ ಬೀಟೆ. ಕ್ರಿಸ್ಮಸ್ಸಿಗೆ ಮೂರು ದಿನ ಇರುವಾಗ ಕತ್ತು ಎದ್ದಿದೆ ಎಂದು ತಂದರು. ನಾಲ್ಕು ದಿನದ ಕೆಲಸ, ಆಗುವುದಿಲ್ಲ ಎನ್ನಬೇಕಾಗಿತ್ತು. ಬಂದ ಗಿರಾಕಿಯನ್ನು ಬಿಟ್ಟು ಕಳಿಸುವುದು ನನ್ನ ಜಾತಕದಲ್ಲೇ ಇರಲಿಲ್ಲ. ಪರದೆ ಎಳೆದೆ. ಮೊಳೆ ಹೊಡೆದೆ. ಸಂಜೆಗೆ ಅವರು ನುಡಿಸಿ ನೋಡಿ ನನ್ನ ಎರಡೂ ಕೈ ಹಿಡಿದುಕೊಂಡರು.

ವರ್ಷ ಕಳೆಯುವಷ್ಟರಲ್ಲಿ ಮತ್ತೆ ಬಂದರು. ತಂತಿ ಮತ್ತೆ ಎದ್ದಿತ್ತು. ಒಳಗೆ ಮೊಳೆಯ ಸುತ್ತ ಮರ ಬಿರಿಯುತ್ತಿದೆ ಎಂದು ಬಾಗಿಲಲ್ಲಿ ನೋಡಿದಾಗಲೇ ನನಗೆ ಗೊತ್ತಾಯಿತು. ಬಾಯಿಂದ ಬಂದದ್ದು ಬೇರೆ.

"ಮೇಷ್ಟ್ರೇ, ನೀವು ಇದನ್ನ ಹೊಸೂರಿಂದ ಘಾಟಿ ಇಳಿಸ್ಕಂಡು ಕೃಷ್ಣಗಿರಿ ಬಿಸಿಲಿಗೆ ಹಾಕಿದೀರಿ. ಇಲ್ಲಿ ತಂಪು, ಅಲ್ಲಿ ಕೆಂಡ. ಮರ ತಡೀತದಾ?"

ಇದು ಪೂರಾ ಸುಳ್ಳಲ್ಲ, ಅದೇ ಇದರ ವಿಷ. ಶೂಲಗಿರಿ ದಾಟಿ ಇಳಿಯುತ್ತಿದ್ದಂತೆ ಸೆಕೆ ಮುಖಕ್ಕೆ ಹೊಡೆಯುತ್ತದೆ. ಹೊಸೂರಿನಲ್ಲಿ ಸರಿಮಾಡಿದ ಗಿಟಾರ್ ಕೃಷ್ಣಗಿರಿಯಲ್ಲಿ ಒಂದು ಕೂದಲು ಅತ್ತಿತ್ತ ಆಗುವುದು ನಿಜ. ಒಂದು ಕೂದಲು, ಒಂದು ಬೆರಳಲ್ಲ. ಹೊಸೂರಿನ ನಾವೆಲ್ಲ ನಮ್ಮ ಅರ್ಧ ತಪ್ಪುಗಳನ್ನು ಆ ಘಾಟಿಯ ತಲೆಗೆ ಕಟ್ಟಿ ಬದುಕಿದವರು. ಘಾಟಿ ಬಂದು ಜಗಳ ಆಡುವುದಿಲ್ಲವಲ್ಲ.

ಮೂರನೇ ಸಲ ತಂದಾಗ, "ಇದು ಕೆಳಗಡೆ ಬಾಳಲ್ಲ, ಹೊಸೂರಲ್ಲೇ ಇಡಿ" ಎಂದೆ. ಅವರು ನಂಬಿದರು. ಹೊಸೂರಿನ ಅವಲಪಲ್ಲಿಯಲ್ಲಿ ಅವರ ತಂಗಿಯ ಮನೆ ಇತ್ತು. ಗಿಟಾರನ್ನು ಅಲ್ಲಿಟ್ಟರು. ಚರ್ಚಿನಲ್ಲಿ ಯಾರದೋ ಗಿಟಾರ್ ಇಸಿದುಕೊಂಡು ನುಡಿಸಿದರು, ತಮ್ಮದನ್ನು ಮುಟ್ಟಲು ಪ್ರತಿ ಶನಿವಾರ ಬಸ್ ಹತ್ತಿ ಘಾಟಿ ಏರಿ ಬಂದರು. ಒಂದೆರಡು ವಾರವಲ್ಲ, ಒಂಬತ್ತು ವರ್ಷ. ಬಸ್ ನಿಲ್ದಾಣದಲ್ಲಿ ಎದುರಾದರೆ, "ಮೇಸ್ತ್ರಿ, ನೀವು ಹೇಳಿದ ಹಾಗೇ ಇಲ್ಲೇ ಇಟ್ಟಿದ್ದೇನೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ತಂತಿ ಎದ್ದೇ ಇರುತ್ತಿತ್ತು, ಬೆರಳು ನೋಯಿಸಿಕೊಂಡೇ ನುಡಿಸುತ್ತಿದ್ದರು. ಇನ್ನೂ ಕೆಡದಿರಲಿ ಎಂದು ಇಟ್ಟದ್ದಂತೆ.

ಹೀಗಿರುವಾಗ ಅಂಗಡಿ ಮುಚ್ಚಿದ ಮರುವರ್ಷ ಸತೀಶ ಫೋನ್ ಮಾಡಿದ. ಹಾಸನದ ಕಡೆಯವನು, ಇಲ್ಲಿ ಕಾರ್ಖಾನೆಯಲ್ಲಿ ಎಂಜಿನಿಯರ್, ರಜೆಯಲ್ಲಿ ಮನೆಯ ಮಾಳಿಗೆಯ ಮೇಲೆ ಗಿಟಾರ್ ಮಾಡುತ್ತಾನೆ. ಸುತ್ತಲಿನ ಗಿಟಾರ್ ಮಾಡುವವರನ್ನೂ ರಿಪೇರಿಯವರನ್ನೂ ಒಂದು ಕಡೆ ಸೇರಿಸುತ್ತಾನಂತೆ. ವೆಲ್ಲೂರಿನಿಂದ, ಕೋಲಾರದಿಂದ, ಬೆಂಗಳೂರಿನಿಂದ ಬರುತ್ತಾರಂತೆ. ಒಬ್ಬರಿಗೊಬ್ಬರು ಕೆಲಸ ತೋರಿಸುವುದಂತೆ.

"ಸಾರ್, ನೀವು ಬಂದ್ರೆ ನಮಗೊಂದು ಗೌರವ."

"ಗೌರವ ಇರ್ಲಪ್ಪ. ಊಟ ಏನು?"

ಚೌಕಾಸಿ ಶುರು ಮಾಡಿದೆ. ಕಿಟಕಿ ಪಕ್ಕದ ಮೇಜು ನನಗೆ. ಎರಡು ಹೊತ್ತು ಚಾ. ನನ್ನ ಕೈಯನ್ನು ಯಾರೂ ಮೊಬೈಲಲ್ಲಿ ಹಿಡಿಯಬಾರದು. ವಜ್ರ ಕಾಯಿಸುವುದನ್ನು ಮಾತ್ರ ತೋರಿಸುತ್ತೇನೆ, ಕತ್ತು ಬಿಚ್ಚುವುದನ್ನು ತೋರಿಸುವುದಿಲ್ಲ. ಎಲ್ಲಕ್ಕೂ ಹೂಂ ಎಂದ. ಎದುರಿನವನು ಅಷ್ಟು ಸಲೀಸಾಗಿ ಒಪ್ಪಿದರೆ ನಾವೇ ಎಲ್ಲೋ ಮೋಸ ಹೋಗಿದ್ದೇವೆ ಎಂದು ತಿಳಿಯಬೇಕು. ಅವತ್ತು ನನಗೆ ತಿಳಿಯಲಿಲ್ಲ.

ಅವಲಪಲ್ಲಿಯ ಕಲ್ಯಾಣ ಮಂಟಪ. ಆಷಾಢ, ಮದುವೆ ಇಲ್ಲ, ಬಾಡಿಗೆ ಕಡಿಮೆ. ಬಾಗಿಲಲ್ಲೇ ಎಲ್ಲರ ಕೊರಳಿಗೆ ಒಂದೊಂದು ಚೀಟಿ ತೂಗುಹಾಕಿದರು. ನನ್ನ ಹೆಸರಿನ ಕೆಳಗೆ "ಲೂಥಿಯರ್" ಎಂದಿತ್ತು, ಗಿಟಾರ್ ಮಾಡುವವನಿಗೆ ಇಂಗ್ಲಿಷಿನ ಹೆಸರು ಎಂದು ಆಮೇಲೆ ತಿಳಿಯಿತು.

"ಇದೇನಮ್ಮ ಇದು?" ಎಂದು ಪಕ್ಕದವಳನ್ನು ಕೇಳಿದೆ.

"ಲೂಟಿ ಹೊಡ್ಯೋರು ಅಂತ ಮೇಸ್ತ್ರೇ. ಸರ್ಯಾಗೇ ಬರ್ದವ್ರೆ ಬುಡಿ!"

ಪಕ್ಕದವಳು ಪದ್ಮ, ತಳಿ ಎಂಬ ಊರಿನ ಕಡೆಯ ಹುಡುಗಿ. ಇವಳದ್ದೂ ಒಂದು ಕಥೆ. ಮೊಬೈಲ್ ಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸದಲ್ಲಿದ್ದಳು. ಅದನ್ನು ಬಿಟ್ಟು ಕೆಲವು ವರ್ಷದ ಹಿಂದೆ ನನ್ನ ಅಂಗಡಿಗೆ ಬಂದು, ಕಲಿಸಿ ಎಂದಳು. ಆಗಲಿ ಕೂರು ಎಂದೆ. ಕತ್ತು ಬಿಚ್ಚುವ ಗಳಿಗೆ ಬಂದಾಗ ಪರದೆ ಎಳೆದು, "ಪದ್ಮ, ಎರಡು ಚಾ ತಗೊಂಡು ಬಾರಮ್ಮ" ಎಂದೆ. ನಾಲ್ಕು ಸಲ ಚಾ ತಂದಳು. ಐದನೇ ಸಲ ಲೋಟ ಮೇಜಿನ ಮೇಲಿಟ್ಟು, "ಚಾ ಅಂಗಡಿ ಇಡೋಕೆ ಬಂದಿರ್ಲಿಲ್ಲ ಮೇಸ್ತ್ರೇ" ಎಂದು ಹೋಗಿಬಿಟ್ಟಳು. ಗುಜರಿಯಿಂದ ಮುರಿದ ಗಿಟಾರ್ ತಂದು ತಂದು, ಕೆಡಿಸಿ ಕೆಡಿಸಿ, ತಾನೇ ಕಲಿತು ಅಂಗಡಿ ಇಟ್ಟಳು. ನನಗೆ ಎರಡು ವರ್ಷ ಆದ ಅವಮಾನವನ್ನು ಅವಳಿಗೆ ಒಂದೇ ತಿಂಗಳಲ್ಲಿ ಮಾಡಿ ಮುಗಿಸಿದ್ದೆ.

ಬೆಳಿಗ್ಗೆ ನನ್ನ ಪಾಠ ಚೆನ್ನಾಗಿಯೇ ನಡೆಯಿತು. ವಜ್ರದ ಡಬ್ಬವನ್ನು ನೇರ ಬೆಂಕಿಯ ಮೇಲೆ ಇಡಬಾರದು, ಬಿಸಿನೀರಿನ ಪಾತ್ರೆಯೊಳಗಿಡಬೇಕು, ಕುದಿಸಿದರೆ ಸತ್ತುಹೋಗುತ್ತದೆ ಎಂದೆಲ್ಲ ಹೇಳಿದೆ. ಎರಡು ಟ್ಯೂಬಿನವರನ್ನು ಹೆಸರು ಹಿಡಿಯದೆ ಬೈದೆ. ಚಪ್ಪಾಳೆ ಬಿತ್ತು. "ರಿಪೇರಿ ಅಂದ್ರೆ ಮುಂದಿನವ್ನು ನಮ್ಮನ್ನ ಬೈಬಾರ್ದು, ಅಷ್ಟೇ ಕಣ್ರಪ್ಪ" ಎಂದು ಕೈ ಎತ್ತಿ ಹೇಳಿದೆ. ಆ ಮಾತನ್ನು ಹೇಳಿದ ನಾಲಗೆ ಇದೇ.

ಊಟವಾದ ಮೇಲೆ ಸತೀಶ ಎದ್ದು, "ಈಗ ಪದ್ಮ ಅವರು ಹಬೆಯಲ್ಲಿ ಕತ್ತು ಬಿಚ್ಚಿ ತೋರಿಸ್ತಾರೆ. ಕೃಷ್ಣಗಿರಿಯ ಅರುಳ್ ಸಾರ್ ತಮ್ಮ ಗಿಟಾರ್ ಕೊಟ್ಟಿದ್ದಾರೆ" ಎಂದ.

ನಾನು ತಲೆ ಎತ್ತಿದೆ. ಮೇಷ್ಟ್ರು ಮುಂದಿನ ಸಾಲಲ್ಲಿ ಕೂತು ನನಗೆ ಕೈ ಮುಗಿದರು. ಗಿಟಾರ್ ಮೇಜಿನ ಮೇಲೆ ಅಂಗಾತ ಮಲಗಿತ್ತು. ಮಿಕ್ಕ ಬೊಟ್ಟುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಹದಿನೈದನೇ ಮನೆಯ ಬೊಟ್ಟು ಮಾತ್ರ ಹಳೆಯ ಹಲ್ಲಿನ ಹಾಗೆ ಹಳದಿ ತಿರುಗಿತ್ತು. ನನ್ನ ಅಂಗಿಯ ಗುಂಡಿ.

ಮುಂದೆ ಏನಾಗುತ್ತದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತು. ಹಬೆಗೆ ಅಂಟು ಬಿಡುತ್ತದೆ, ಮೊಳೆ ಬಿಡುವುದಿಲ್ಲ. ಅಂಟು ಬಿಟ್ಟಿದೆ ಎಂದುಕೊಂಡು ಅವಳು ಕತ್ತನ್ನು ಮೇಲಕ್ಕೆ ಒತ್ತುತ್ತಾಳೆ. ಬುಡದ ಮರ ಸೀಳಿ, ಪೆಟ್ಟಿಗೆಯ ಮುಂಭಾಗ ಹರಿದು ಬರುತ್ತದೆ. ಮೇಷ್ಟ್ರ ಗಿಟಾರ್ ಅಲ್ಲಿಗೆ ಮುಗಿಯಿತು. ಅಷ್ಟು ಜನರೆದುರು ಗಿಟಾರ್ ಮುರಿದವಳು ಎಂದು ಪದ್ಮಳ ಹೆಸರೂ ಮುಗಿಯಿತು. ನಾನು ಬಾಯಿ ಬಿಟ್ಟರೆ ಮುಗಿಯುವುದು ನನ್ನ ಹೆಸರು. ಬೆಳಿಗ್ಗೆಯ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು.

ಬದುಕಿಡೀ ಚೌಕಾಸಿ ಮಾಡಿದವನು ಅಲ್ಲೂ ಅದನ್ನೇ ಮಾಡಿದೆ. ಮೊಳೆ ತುಕ್ಕು ಹಿಡಿದು ಪುಡಿಯಾಗಿರಬಹುದು ಎಂದು ಒಂದು ಬೆಲೆ ಕೂಗಿಕೊಂಡೆ. ಬೇರೆ ಗಿಟಾರ್ ಕೊಡಿಸಿದರೆ ಹೇಗೆ ಎಂದು ಇನ್ನೊಂದು ಬೆಲೆ.

"ಸತೀಶಪ್ಪ, ಇಷ್ಟು ಒಳ್ಳೆ ಗಿಟಾರ್ ಯಾಕೆ? ಯಾವ್ದಾದ್ರೂ ಮುರ್ಕಲು ಕೊಡು, ಅದ್ರಲ್ಲಿ ತೋರಿಸ್ಲಿ."

"ಮುರ್ಕಲಲ್ಲಿ ತೋರ್ಸಿದ್ರೆ ಯಾರು ನಂಬ್ತಾರೆ ಮೇಸ್ತ್ರೇ?" ಎಂದಳು ಪದ್ಮ. ಪುಟ್ಟ ಪ್ರೆಶರ್ ಕುಕ್ಕರ್, ಅದರ ತಲೆಗೊಂದು ರಬ್ಬರ್ ಕೊಳವೆ, ಕೊಳವೆಯ ತುದಿಗೆ ಚೆಂಡಿಗೆ ಗಾಳಿ ತುಂಬುವ ಸೂಜಿ. ಅಚ್ಚುಕಟ್ಟು ಏರ್ಪಾಟು. ಅವಳೇ ಮಾಡಿದ್ದು.

ಬೇರೆ ದಾರಿ ಕಾಣದೆ ನಾನು ಸಿಟ್ಟಾದೆ. ಈ ಬರಹದಲ್ಲಿ ಬಹಳ ಜನರ ಮೇಲೆ ಸಿಟ್ಟಾಗಿದ್ದೇನೆ. ಆದರೆ ಅವತ್ತಿನ ಸಿಟ್ಟು ಕಳ್ಳ ಸಿಟ್ಟು.

"ಕುಕ್ಕರ್ ಇಡೋದು ಅಡಿಗೆಮನೇಲಿ ಕಣಮ್ಮ! ಹೆಣ್ಮಗೀನ ಕೈಗೆ ಇಂಥ ಗಿಟಾರ್ ಕೊಟ್ರೆ ಅನ್ನ ಬೇಯ್ಸಿ ಇಟ್ಬುಡ್ತಾಳೆ."

ಹಿಂದಿನ ಸಾಲಿನಲ್ಲಿ ನಾಲ್ಕು ಜನ ಕಿಸಕ್ಕೆಂದು ನಕ್ಕರು. ಪದ್ಮಳ ಮುಖ ಕೆಂಪಾಯಿತು. ಕೈ ಮಾತ್ರ ನಿಲ್ಲಲಿಲ್ಲ.

"ಬೆಂದ್ಮೇಲೆ ಹೇಳ್ತೀನಿ ಮೇಸ್ತ್ರೇ, ತಟ್ಟೆ ಹಾಕ್ಕಂಡು ಕೂತಿರಿ."

ಈಗ ಎಲ್ಲರೂ ನಕ್ಕರು, ನನ್ನ ಮೇಲೆ. ಹದಿನೈದನೇ ಮನೆಯ ಅಂಚಿನ ಲೋಹದ ಪಟ್ಟಿ, ಅಂದರೆ ಫ್ರೆಟ್, ಕಿತ್ತು, ಆ ಸೀಳಿನಲ್ಲಿ ಸಣ್ಣ ತೂತು ಕೊರೆದು, ಸೂಜಿ ಇಳಿಸಿ ಹಬೆ ಬಿಟ್ಟಳು. ಕತ್ತಿನ ಬುಡದಿಂದ ಕಂದು ನೀರು ಒಸರಿತು. ಕೊಳೆತ ಚರ್ಮದ ವಾಸನೆ, ಅಂಟು ಕರಗುವ ವಾಸನೆ. "ಬಿಡ್ತಾ ಐತೆ" ಎಂದಳು. ಎರಡೂ ಹೆಬ್ಬೆರಳು ಕೊಟ್ಟು ಮೆಲ್ಲಗೆ ಒತ್ತಿದಳು. ಅಲುಗಲಿಲ್ಲ. ಇನ್ನಷ್ಟು ಹಬೆ. ಇನ್ನಷ್ಟು ಒತ್ತು.

ಚಿಟ್ ಎಂದಿತು.

ಬೇರೆಯವರಿಗೆ ಅದು ಅಂಟು ಬಿಟ್ಟ ಸದ್ದು. ನನಗದು ಮರ ಸೀಳುವ ಸದ್ದು. ಅವಳು ಮತ್ತೆ ಕೈ ಕೊಟ್ಟಳು.

"ನಿಲ್ಸೇ!" ಎಂದು ಕೂಗಿದೆ. "ಒತ್ತಬ್ಯಾಡ. ಒಳಗೆ ಮೊಳೆ ಐತೆ."

ಅವಳು ಕೈ ತೆಗೆದು ನನ್ನ ಕಡೆ ತಿರುಗಿದಳು.

"ನಿಮಗೆಂಗೆ ಗೊತ್ತು ಮೇಸ್ತ್ರೇ?"

ಆ ಗಳಿಗೆಯಲ್ಲೂ ಇನ್ನೊಂದು ಸುಳ್ಳು ಸಿದ್ಧವಿತ್ತು. ಸದ್ದಿನ ಮೇಲೆ ಹೇಳಿದೆ, ಅನುಭವ ಎನ್ನಬಹುದಿತ್ತು. ಇನ್ನೊಂದು ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಮೇಷ್ಟ್ರು ಎದ್ದು ನಿಂತು, ಗಿಟಾರನ್ನಲ್ಲ, ನನ್ನನ್ನು ನೋಡುತ್ತಿದ್ದರು.

"ನಾನೇ ಹೊಡ್ದಿರೋದು. ಆ ಹಳದಿ ಬೊಟ್ಟಿನ ಕೆಳಗೈತೆ. ಬೊಟ್ಟು ನನ್ನ ಅಂಗಿ ಗುಂಡಿ."

ಮೇಷ್ಟ್ರು ಬೈಯುತ್ತಾರೆ ಎಂದುಕೊಂಡೆ. ಅವರು ಯೋಚಿಸಿ, ಮೆಲ್ಲಗೆ, ತಮ್ಮ ತಮಿಳಿನಲ್ಲೇ ಕೇಳಿದರು.

"ಅಪ್ಪೊ... ಘಾಟಿ ಕಾರಣಂ ಇಲ್ಲಯಾ, ಮೇಸ್ತ್ರಿ?"

ಹಾಗಾದರೆ ಘಾಟಿ ಕಾರಣ ಅಲ್ಲವೇ? ಒಂಬತ್ತು ವರ್ಷದ ಶನಿವಾರಗಳನ್ನೆಲ್ಲ ಅವರು ಆ ಒಂದು ಮಾತಿನಲ್ಲಿ ಕೇಳಿಬಿಟ್ಟರು. ನಾನು ಅಲ್ಲ ಎಂದು ತಲೆ ಆಡಿಸಿದೆ. ಅಲ್ಲಿಂದ ಎದ್ದು ಹೋಗಲು ಏನಾದರೊಂದು ನೆವ ಬೇಕಿತ್ತು. "ಎಲ್ಲಾರ್ಗೂ ಚಾ ಹೇಳ್ಬುಟ್ಟು ಬತ್ತೀನಿ" ಎಂದು ಬಾಗಿಲ ಕಡೆ ಹೊರಟೆ.

"ಮೇಸ್ತ್ರೇ" ಎಂದಳು ಪದ್ಮ. "ಚಾಕ್ಕೆ ಹೋಗ್ಬ್ಯಾಡಿ. ಇಲ್ಲಿ ನಿಂತ್ಕಂಡು ಗಿಟಾರ್ ಹಿಡ್ಕಳಿ."

ಹಿಡಿದುಕೊಂಡೆ. ಅವಳು ಬೊಟ್ಟನ್ನು ಸೂಜಿಯಲ್ಲಿ ಎಬ್ಬಿಸಿ ತೆಗೆದು ನನ್ನ ಅಂಗೈಗೆ ಹಾಕಿದಳು. ಕೆಳಗೆ ಮೊಳೆಯ ತಲೆ, ತುಕ್ಕು ಹಿಡಿದು ಗೀರು ಸವೆದುಹೋಗಿತ್ತು. ತಿರುಪುಳಿ ಹಿಡಿಯಲಿಲ್ಲ. ನಾನಾಗಿದ್ದರೆ ಸುತ್ತ ಉಳಿ ಇಟ್ಟು ಮರ ಅಗೆಯುತ್ತಿದ್ದೆ. ಅವಳು ಚೀಲದಿಂದ ಬೆಸುಗೆ ಹಾಕುವ ಸಲಾಕೆ ತೆಗೆದು ಕಾಯಿಸಿ, ಅದರ ಮೂತಿಯನ್ನು ಮೊಳೆಯ ತಲೆಗೆ ಒತ್ತಿ ಹಿಡಿದಳು. ಎರಡು ನಿಮಿಷ. ಮರಕ್ಕೆ ತಾಗದ ಹಾಗೆ. ಕಬ್ಬಿಣ ಕಾದು ಹಿಗ್ಗಿತು, ಆರುವಾಗ ಕುಗ್ಗಿತು, ಸುತ್ತಲಿನ ಹಿಡಿತ ಬಿಟ್ಟಿತು. ಸಣ್ಣ ಅರದಲ್ಲಿ ಹೊಸ ಗೀರು ಹಾಕಿ ತಿರುಪುಳಿ ಇಟ್ಟು ತಿರುಗಿಸಿದಳು. ಕಿರ್ರ್ ಎಂದು ಬಂತು. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಸಲಾಕೆಯಿಂದ ಮೊಳೆ ಬಿಡಿಸಬಹುದೆಂದು ನನಗೆ ಹೊಳೆದಿರಲಿಲ್ಲ. ಯಾರೂ ಹೇಳಲಿಲ್ಲ. ಯಾಕೆ ಹೇಳುತ್ತಾರೆ? ನನ್ನ ಪರದೆ ಮುಚ್ಚಿತ್ತಲ್ಲ. ಮೊಬೈಲ್ ಕಾರ್ಖಾನೆಯ ಕೈ ಅದನ್ನು ಎಲ್ಲರೆದುರು, ಬೆಳಕಿನಲ್ಲಿ ಮಾಡಿತು. ವೆಲ್ಲೂರಿನವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮತ್ತೆ ಹಬೆ. ಕತ್ತು ಬೆಣ್ಣೆಯಿಂದ ಕೂದಲು ಬರುವಂತೆ ಬಂತು. ಬುಡದಲ್ಲಿ ಉಗುರಗಲ ಸೀಳು ಬಿಟ್ಟಿತ್ತು, ಅಷ್ಟೆ. ಸೀಳಿಗೆ ವಜ್ರ ಕಾಯಿಸಿ ಎಂದಳು. ಕಾಯಿಸಿದೆ.

ಮೇಷ್ಟ್ರು ನನ್ನನ್ನು ಕ್ಷಮಿಸಿದರು ಎಂದು ಬರೆದರೆ ಅದೂ ಮೊಳೆಯ ಮೇಲೆ ಅಂಗಿ ಗುಂಡಿ ಕೂರಿಸಿದ ಹಾಗೆ. ಅವರು ಕ್ಷಮಿಸಲಿಲ್ಲ. ನಾಲ್ಕು ದಿನದ ಮೇಲೆ ಪದ್ಮಳ ಅಂಗಡಿಯಿಂದ ಗಿಟಾರ್ ತೆಗೆದುಕೊಳ್ಳಲು ಬಂದಾಗ ನಾನೂ ಹೋಗಿದ್ದೆ. ಬಸ್ ನಿಲ್ದಾಣದವರೆಗೆ ಹೊತ್ತು ತರುತ್ತೇನೆ ಎಂದು ಕೈ ಚಾಚಿದೆ. ಅವರು ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. ಬಸ್ ಹತ್ತುವ ಮೊದಲು ಒಂದೇ ಮಾತು ಕೇಳಿದರು: "ನನ್ನ ಹಾಗೆ ಇನ್ನೆಷ್ಟು ಜನ, ಮೇಸ್ತ್ರಿ?"

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಪರದೆಯ ಹಿಂದೆ ಮಾಡಿದ್ದನ್ನು ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ. ನೆನಪಿದ್ದ ಏಳು ಮನೆಗೆ ನಾನೇ ಹೋಗಿ ಹೇಳಿ ಬಂದೆ. ಇಬ್ಬರು ಚಾ ಕೊಟ್ಟರು, ಒಬ್ಬ ಬಾಗಿಲು ಹಾಕಿಕೊಂಡ, ಮಿಕ್ಕವರ ಗಿಟಾರ್ ಕೈ ಬದಲಾಗಿ ಎಲ್ಲಿದೆಯೋ ತಿಳಿಯದು.

ಕಳೆದ ಬೇಸಿಗೆ ಕೃಷ್ಣಗಿರಿಯಲ್ಲಿ ಮಾವಿನಕಾಯಿ ಮರದಲ್ಲೇ ಬೇಯುವಂಥ ಬಿಸಿಲು. ಬಿಸಿಲು ಮುಗಿದ ಮೇಲೆ ಪದ್ಮ ಹೋಗಿ ಮೇಷ್ಟ್ರ ಗಿಟಾರ್ ಅಳೆದು ಬಂದಳು. ತಂತಿ ಒಂದು ಕೂದಲೂ ಎದ್ದಿರಲಿಲ್ಲ.

ಆದ್ದರಿಂದ ಹೊಸದಾಗಿ ಈ ಕೆಲಸಕ್ಕೆ ಬರುವವರು ಇಷ್ಟು ಮಾಡಿ. ಹೊಸೂರು, ಕೃಷ್ಣಗಿರಿ, ಬೇರಿಕೆ, ತಳಿ ಕಡೆಯಿಂದ ಹಳೆಯ ಗಿಟಾರ್ ನಿಮ್ಮ ಮೇಜಿಗೆ ಬಂದರೆ ಹಬೆ ಹಚ್ಚುವ ಮೊದಲು ಹದಿನೈದನೇ ಮನೆಯ ಬೊಟ್ಟು ನೋಡಿ. ಮಿಕ್ಕವು ಬಿಳಿ ಇದ್ದು ಅದೊಂದು ಹಳದಿ ಇದ್ದರೆ ಕೈ ನಿಲ್ಲಿಸಿ. ಅದರ ಮೇಲೆ ಒಂದು ಅಯಸ್ಕಾಂತ ಹಿಡಿಯಿರಿ. ಎಳೆದರೆ, ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು, ಅವರ ಕಣ್ಣೆದುರೇ ಬಿಚ್ಚಿ. ಒಳಗಿರುವುದು ನನ್ನದು. ಘಾಟಿಯದ್ದಲ್ಲ.